ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಗಣಿಗಳು

ಹರಳು ಅಂದ ತಕ್ಷಣ ನಮಗೆ ನೆನಪಾಗೋದು ಉಂಗುರ, ಇಲ್ಲಾಂದ್ರೆ ಅಜ್ಜಿಯ ಓಲೆ. ಮ್ಯೂಸಿಯಂ ಸುತ್ತಿದವರಿಗಾದರೆ ಗಾಜಿನ ಕಪಾಟಿನಲ್ಲಿಟ್ಟ ಅಂಗೈಯಗಲದ ಸ್ಫಟಿಕ. ಆದರೆ ಸಾಸಿವೆ ಕಾಳಿಗಿಂತ ಚಿಕ್ಕ ಹರಳನ್ನು ಪುಟ್ಟ ಡಬ್ಬಿಯಲ್ಲಿ ನಿಲ್ಲಿಸಿ, ಹೆಸರು-ಊರು ಬರೆದಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿ ಖುಷಿಪಡುವವರ ಒಂದು ಪಂಗಡವೇ ಇದೆ. ಇದಕ್ಕೆ ಮೈಕ್ರೊಮೌಂಟಿಂಗ್ ಅಂತಾರೆ. ಆಫೀಸಿನಲ್ಲಿ ಬಿಲ್ಡ್ ಮುಗಿಯೋವರೆಗೆ ಕಾಯುತ್ತಾ ಇದರ ಇತಿಹಾಸ ಓದಿದೆ. ನಿಮಗೂ ಹೇಳೋಣ ಅಂತ ಈ ಬರಹ :-)

ಪುಟಾಣಿ ಹರಳುಗಳನ್ನು ನೋಡುವುದು ಹಳೆಯ ಚಟವೇ. 1665ರಲ್ಲೇ ರಾಬರ್ಟ್ ಹುಕ್ ತನ್ನ 'ಮೈಕ್ರೊಗ್ರಾಫಿಯಾ'ದಲ್ಲಿ ಚಕಮಕಿ ಕಲ್ಲಿನ ಪೊಟರೆಯೊಳಗೆ ಮಿನುಗುವ ಸಣ್ಣ ಹರಳುಗಳ ಬಗ್ಗೆ ಬರೆದಿದ್ದ. (ಹೌದು, 'ಸೆಲ್' ಎಂಬ ಹೆಸರು ಕೊಟ್ಟ ಅದೇ ಹುಕ್!) ಚಿಕ್ಕ ಹರಳಿಗೆ ಒಂದು ಗುಣವಿದೆ. ಅದರ ಮುಖಗಳು ಸಾಮಾನ್ಯವಾಗಿ ದೊಡ್ಡದರ ಮುಖಗಳಿಗಿಂತ ನಯ, ಅಂಚುಗಳು ಚೂಪು. 1809ರಲ್ಲಿ ವಿಲಿಯಂ ವೊಲಾಸ್ಟನ್, ಹರಳಿನ ಮುಖಕ್ಕೆ ಬಡಿದು ವಾಪಸಾಗುವ ಬೆಳಕಿನಿಂದ ಕೋನ ಅಳೆಯುವ ಉಪಕರಣ ಮಾಡಿದ. ಅದಕ್ಕೆ ಒಗ್ಗಿದ್ದು ಇಂಥ ಚಿಕ್ಕ ಹರಳುಗಳೇ. ಅಲ್ಲಿಗೆ 'ದೊಡ್ಡದೇ ಒಳ್ಳೆಯದು' ಅನ್ನೋ ಲೆಕ್ಕ ವಿಜ್ಞಾನದ ಮಟ್ಟಿಗಂತೂ ತಲೆಕೆಳಗಾಯಿತು.

ಆದರೆ ಹವ್ಯಾಸವಾಗಿ ಇದು ಬೆಳೆದದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ, 1870ರ ದಶಕದಿಂದೀಚೆಗೆ. ಆ ಊರಿನಲ್ಲಿ ಕ್ಲಾರೆನ್ಸ್ ಬೆಮೆಂಟ್ ಎಂಬ ಯಂತ್ರ ಕಾರ್ಖಾನೆಯ ಒಡೆಯನಿದ್ದ. ಅವನ ಸಾವಿರಾರು ಖನಿಜಗಳ ಸಂಗ್ರಹವನ್ನು 1900ರಲ್ಲಿ ಜೆ.ಪಿ. ಮಾರ್ಗನ್ ಕೊಂಡು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಕೊಟ್ಟ. ಅದು ಸಾಹುಕಾರರ ಆಟ. ಅದೇ ಊರಿನ ಪಾದ್ರಿ ರೇಕ್‌ಸ್ಟ್ರಾ ಮತ್ತು ಜಾರ್ಜ್ ಫಿಸ್ ಹಿಡಿದದ್ದು ಬೇರೆ ದಾರಿ: ಉಗುರಿನಲ್ಲಿ ಹಿಡಿಯುವಷ್ಟು ಕಲ್ಲಿನ ಚೂರು, ಒಂದು ಚಿಕ್ಕ ಡಬ್ಬಿ. ದೊಡ್ಡ ಮಾದರಿಗೆ ಕಪಾಟು ಬೇಕು, ದುಡ್ಡು ಬೇಕು. ಇದಕ್ಕೆ ಮೇಜಿನ ಒಂದು ಡ್ರಾಯರ್ ಸಾಕು. ನನಗೆ ಇಷ್ಟವಾಗಿದ್ದು ಇದೇ.

ಡಬ್ಬಿಯ ಕೆಲಸ ಸರಳ, ಆದರೆ ತಾಳ್ಮೆ ಬೇಡುತ್ತೆ. ಈಗ ಬಳಸುವ ಪ್ಲಾಸ್ಟಿಕ್ ಡಬ್ಬಿ ಸುಮಾರು 22 ಮಿಲಿಮೀಟರ್ ಅಗಲ. ಒಳಗೆ ಕಪ್ಪು ಬಣ್ಣ; ಬೇಡದ ಬೆಳಕು ಕಣ್ಣಿಗೆ ಬಡಿಯಬಾರದಲ್ಲ. ನಡುವೆ ಕಾರ್ಕ್, ಹಲ್ಲುಕಡ್ಡಿ ಅಥವಾ ಬ್ರಷ್ಷಿನ ಎಳೆಯ ಕಂಬ, ತುದಿಯಲ್ಲಿ ತೊಟ್ಟು ಅಂಟು, ಅದರ ಮೇಲೆ ಹರಳು. ಕಂಬ ಹರಳಿನ ಹಿಂದೆ ಮರೆಯಾಗಿ, ಕಲ್ಲು ಗಾಳಿಯಲ್ಲಿ ತೇಲಿದಂತೆ ಕಂಡರೆ ಕೈ ಪಳಗಿದೆ ಅಂತ ಅರ್ಥ. ಒಂಟಿ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ಇದರ ಆಳ ಸರಿಯಾಗಿ ಗೊತ್ತಾಗದು. ಹೊರೇಷಿಯೋ ಗ್ರೀನೋ ಎಂಬ ಅಮೆರಿಕನ್ನನ ಕಲ್ಪನೆಯನ್ನು ಹಿಡಿದು ಜರ್ಮನಿಯ ಝೈಸ್ ಕಂಪನಿ 1890ರ ದಶಕದಲ್ಲಿ ಎರಡು ಕಣ್ಣಿನ ಸ್ಟೀರಿಯೋ ಸೂಕ್ಷ್ಮದರ್ಶಕ ಮಾಡಿತು. ಮಿಲಿಮೀಟರ್ ಹರಳು ಬೆಟ್ಟದಂತೆ ಎದ್ದು ನಿಂತಿತು.

ಇದು ಬರೀ ಆಟವೂ ಆಗಿರಲಿಲ್ಲ. ಕೊಲರಾಡೋದ ಖನಿಜ ವ್ಯಾಪಾರಿ ಲಜಾರ್ಡ್ ಕಾನ್, ನ್ಯೂಜೆರ್ಸಿಯ ಫ್ರಾಂಕ್ಲಿನ್ ಗಣಿಯ ಮಾದರಿಯಲ್ಲಿ ಹೊಸ ಖನಿಜವನ್ನು ಗುರುತಿಸಿದ. ಅದೇ ಇವತ್ತಿನ ಕಾನೈಟ್. ಅಂಕಣಕಾರ ನೀಲ್ ಯೆಡ್ಲಿನ್ ಅರಿಜೋನಾದ ಟೈಗರ್ ಊರಿನ ಕಲ್ಲುಗಳಲ್ಲಿ ಕೆಂಪು-ನೇರಳೆ ಬಣ್ಣದ ಸಣ್ಣ ಹರಳುಗಳನ್ನು ಕಂಡ. ಆ ಖನಿಜಕ್ಕೆ 1974ರಲ್ಲಿ ಯೆಡ್ಲಿನೈಟ್ ಎಂದೇ ಹೆಸರು ಬಂತು.

ಇನ್ನು ಚೀಟಿಯ ವಿಷಯ. ಡೇಟಾಬೇಸ್ ಜೊತೆ ಏಗುವ ನನ್ನಂಥವನಿಗೆ ಇದೇ ಮುಖ್ಯ ಅನ್ನಿಸಿತು. ಖನಿಜದ ಹೆಸರನ್ನು ಪರೀಕ್ಷೆ ಮಾಡಿ ಮತ್ತೆ ಕಂಡುಕೊಳ್ಳಬಹುದು. ಅದು ಯಾವ ಗಣಿಯದು ಅನ್ನೋದನ್ನು ಕಲ್ಲು ತಾನಾಗಿ ಹೇಳುವುದು ಅಪರೂಪ. ಫ್ರಾಂಕ್ಲಿನ್ ಗಣಿ 1954ರಲ್ಲೇ ಮುಚ್ಚಿತು. ಅದರ ಆಳದಿಂದ ಇನ್ನೊಂದು ಚೂರು ತರೋಣ ಅಂದರೆ ಸಾಧ್ಯವಿಲ್ಲ. ಉಳಿದಿರುವುದು ಕಪಾಟು-ಡ್ರಾಯರುಗಳಲ್ಲಿ ಇರುವಷ್ಟೇ. ಸಂಗ್ರಾಹಕ ತೀರಿಕೊಂಡ ಮೇಲೆ, ಗೊತ್ತಿಲ್ಲದವರ ಕಣ್ಣಿಗೆ ಆ ಡಬ್ಬಿಗಳಲ್ಲಿ ಕಾಣುವುದು ಒಂದಿಷ್ಟು ಮಣ್ಣುಪುಡಿ. ಕಸದ ಬುಟ್ಟಿಗೂ ಮ್ಯೂಸಿಯಂಗೂ ನಡುವೆ ಇರುವುದು ಬೆರಳಗಲದ ಆ ಚೀಟಿ ಮಾತ್ರ.

ನಮ್ಮ ಮನೆಗಳ ಹಳೇ ಫೋಟೋಗಳ ಹಿಂದೆ ಯಾರು, ಯಾವ ಊರು ಅಂತ ಬರೆದಿದೆಯೇ? ಹೇಳಬಲ್ಲವರು ಇರುವಾಗಲೇ ಕೇಳಿ ಬರೆದಿಡೋದು ವಾಸಿ. ಏನಂತೀರಿ?