ಗಾಳಿ ಎಳೆದು ಕಣ್ಣು ಬಿಡುತ್ತಿದ್ದ ಕಾರು

ಹಾಲು ಕರೆಯುವ ಯಂತ್ರ ನೋಡಿದ್ದೀರಲ್ಲ? ಪೈಪಿನ ಗಾಳಿ ಎಳೆದೇ ಅದು ಕೆಲಸ ಮಾಡುವುದು. ಅಮೆರಿಕದ ಷೆವರ್ಲೆ ಕಂಪನಿ 1968ರ ಕಾರ್ವೆಟ್ ಕಾರಿನಲ್ಲಿ ಇದೇ ಉಪಾಯ ಬಳಸಿತು. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತದ ಬಲದಿಂದಲೇ ಒಳಗೆ ಅಡಗಿದ ಹೆಡ್‌ಲೈಟ್ ಮೇಲೇಳುತ್ತಿತ್ತು, ವೈಪರ್ ಮುಚ್ಚಿದ ಬಾಗಿಲು ತೆರೆಯುತ್ತಿತ್ತು. 1967ರವರೆಗೆ ಹೆಡ್‌ಲೈಟ್ ತಿರುಗಿಸುತ್ತಿದ್ದದ್ದು ವಿದ್ಯುತ್ ಮೋಟಾರು.

ತೊಂದರೆ ಕೊಟ್ಟದ್ದು ರಬ್ಬರು. ಹಳೆಯ ಪೈಪು ಬಿರುಕು ಬಿಟ್ಟರೆ ಒಂದು ಕಣ್ಣು ತೆರೆದು ಇನ್ನೊಂದು ಮುಚ್ಚಿಯೇ ಇರುತ್ತದೆ. ಕತ್ತಲ ರಸ್ತೆಯಲ್ಲಿ ಇದು ತಮಾಷೆಯಲ್ಲ. ಮಳೆಯಲ್ಲಿ ಬಾಗಿಲು ತೆರೆಯದಿದ್ದರೆ ವೈಪರ್ ಇದ್ದೂ ಇಲ್ಲದಂತೆ. ಕಂಪನಿ 1973ರಲ್ಲಿ ಆ ಬಾಗಿಲನ್ನು ಕೈಬಿಟ್ಟಿತು. ನಿರ್ವಾತದ ಹೆಡ್‌ಲೈಟ್ 1982ರವರೆಗೆ ಉಳಿಯಿತು.

ಬಲ್ಲ ಮೆಕ್ಯಾನಿಕ್ ಮೊದಲೇ ಹೊಸ ಸಾಮಾನು ತರಿಸುವುದಿಲ್ಲ. ಕೈಪಂಪಿನಿಂದ ಒಂದೊಂದೇ ಪೈಪಿನ ಗಾಳಿ ಎಳೆಯುತ್ತಾನೆ. ಮೀಟರಿನ ಮುಳ್ಳು ನಿಲ್ಲದೆ ಇಳಿದರೆ ಸೋರಿಕೆ ಅಲ್ಲೇ. ಹನಿ ನೀರಾವರಿ ಪೈಪು ಹುಡುಕುವ ನಮ್ಮ ರೈತರಿಗೆ ಈ ತಾಳ್ಮೆ ಹೊಸದೇನಲ್ಲ.