ಬ್ರೇಕ್ ಪೈಪಿನ ನಟ್ಟು ಮತ್ತು ಪುಣೆಯ ಗ್ಯಾರೇಜು

ಮಾಲ್ಕಮ್ ಲಾಕ್‌ಹೀಡ್ ರೂಪಿಸಿದ ಹೈಡ್ರಾಲಿಕ್ ಬ್ರೇಕನ್ನು 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಗಳಿಗೆ ಅಳವಡಿಸಿಕೊಂಡಿತು. ಸರಳು, ತಂತಿಗಳ ಜಾಗಕ್ಕೆ ಲೋಹದ ಸಣ್ಣ ಪೈಪು ಬಂತು. ಜೊತೆಗೆ ತುಕ್ಕು ಹಿಡಿದು ಕೂರುವ ನಟ್ಟೂ ಬಂತು.

ಪುಣೆಗೆ ಈ ತೊಂದರೆ ವಾಹನಗಳೊಂದಿಗೇ ಬಂದದ್ದು. 1960ರ ದಶಕದಲ್ಲಿ ವಾಹನ ತಯಾರಿಸುವ ಟೆಲ್ಕೊ ಕಂಪನಿ ಪುಣೆ ಪಕ್ಕದ ಪಿಂಪ್ರಿಗೆ ಬಂತು, 1998ರಲ್ಲಿ ಅಲ್ಲಿಂದಲೇ ಇಂಡಿಕಾ ಕಾರು ಹೊರಬಂತು. ಬಿಡಿಭಾಗಗಳಿಗೆ ನಗರದ ನಾನಾ ಪೇಠ್ ಹೆಸರಾಯಿತು. ಮಳೆಗಾಲದ ಕೆಸರು, ಕೊಂಕಣದ ಕರಾವಳಿಗೆ ಹೋದಾಗ ತಗಲುವ ಉಪ್ಪುಗಾಳಿ ಎರಡೂ ಕಾರಿನ ತಳಕ್ಕೆ ಶತ್ರುಗಳೇ.

ನಟ್ಟಿನ ಮೂಲೆ ಸವೆಯಲು ಮುಖ್ಯ ಕಾರಣ ಓಪನ್ ಸ್ಪ್ಯಾನರ್. ಅದು ಎರಡೇ ಮುಖಗಳನ್ನು ಹಿಡಿಯುತ್ತದೆ, ಬಲ ಹಾಕಿದರೆ ಜಾರುತ್ತದೆ. ಪೈಪು ದಾಟುವಷ್ಟೇ ಸೀಳಿರುವ ಫ್ಲೇರ್ ನಟ್ ಸ್ಪ್ಯಾನರ್ ಐದು ಮುಖಗಳನ್ನು ತಬ್ಬುತ್ತದೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣವಿಲ್ಲ.

ಮೊದಲು ವೈರ್ ಬ್ರಷ್‌ನಿಂದ ತುಕ್ಕು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ರಾತ್ರಿಯಿಡೀ ನೆನೆಯಲು ಬಿಡಬೇಕು. ಬಿಚ್ಚುವ ಮುನ್ನ ಕೂದಲೆಳೆಯಷ್ಟು ಬಿಗಿ ಮಾಡಿದರೆ ತುಕ್ಕಿನ ಹಿಡಿತ ಒಡೆಯುತ್ತದೆ. ನಟ್ಟಿನ ಜೊತೆ ಪೈಪೂ ತಿರುಚತೊಡಗಿದರೆ ನಿಲ್ಲಿಸಲೇಬೇಕು. ಮೂಲೆ ಪೂರ್ತಿ ಹೋಗಿದ್ದರೆ ಬಿಗಿಯಾಗಿ ಕಚ್ಚಿ ಹಿಡಿಯುವ ವೈಸ್ ಗ್ರಿಪ್ ಇಕ್ಕಳ ಬಳಸಬೇಕು. ಅದೂ ಸೋತರೆ ಪೈಪನ್ನು ನಟ್ಟಿನ ಬುಡದಲ್ಲೇ ಕತ್ತರಿಸಿ ಆರು ಮೂಲೆಯ ಸಾಕೆಟ್ ಕೂರಿಸುವುದು ಹಳೆಯ ಉಪಾಯ. ಆಗ ಹೊಸ ಪೈಪು ಅನಿವಾರ್ಯ. ಬೆಂಕಿಯ ಶಾಖ ಕೊಡುವ ರೂಢಿ ಅಪಾಯದ್ದು: ಬ್ರೇಕ್ ಆಯಿಲ್ ಹೊತ್ತಿಕೊಳ್ಳುತ್ತದೆ, ಹತ್ತಿರದ ರಬ್ಬರ್ ಹೋಸು ಸುಡುತ್ತದೆ.

ಹೊಸ ಪೈಪು ಕೂರಿಸಿದ ಮೇಲೆ ಬ್ರೇಕ್ ಪೈಪುಗಳೊಳಗಿನ ಗಾಳಿ ಪೂರ್ತಿ ಹೊರಹಾಕಿ, ಪೆಡಲ್ ಗಟ್ಟಿಯಾದ ನಂತರವೇ ಕಾರನ್ನು ರಸ್ತೆಗೆ ಇಳಿಸಬೇಕು.