ಟೊರಾಂಟೊದಿಂದ ಲಾಗೋಸಿಗೆ: ಮೂವರು ಯುವಕರು, ಒಬ್ಬ ತಾಯಿ

ನಮ್ಮ ಟೊರಾಂಟೊ ನಗರಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ‘ಸಜ್ಜನ ಟೊರಾಂಟೊ’ ಎಂಬರ್ಥದ ಅಡ್ಡಹೆಸರಿತ್ತು. ಭಾನುವಾರ ದೇವರ ದಿನ, ಅಂದು ಟ್ರಾಮ್ ಓಡಬಾರದು ಎಂದು ಊರಿನವರು ವರ್ಷಗಟ್ಟಲೆ ವಾದಿಸಿ, ಕೊನೆಗೆ 1897ರಲ್ಲಿ ಮತ ಹಾಕಿ ಒಪ್ಪಿಕೊಂಡರು. ಭಾನುವಾರವೇ ವಾರದ ದಿನಸಿಗೆ ಹೊರಡುವ ನಾವು ಇದನ್ನು ಓದಿ ನಗಬಹುದು. ಆದರೆ ಆ ಊರಿನಲ್ಲಿ ನಂಬಿಕೆ ಎನ್ನುವುದು ಭಾನುವಾರದ ಉಡುಪಾಗಿರಲಿಲ್ಲ. ಅದಕ್ಕಾಗಿ ಪ್ರಾಣ ಕೊಟ್ಟವರೂ ಇದ್ದರು. ಅಂಥವರ ಕಥೆ ಇದು.

ಬೈಬಲಿನ ‘ಜ್ಞಾನೋಕ್ತಿಗಳು’ ಭಾಗದ ಮೂರನೆಯ ಅಧ್ಯಾಯದಲ್ಲಿ ಒಂದು ಬುದ್ಧಿಮಾತಿದೆ. ಮನುಷ್ಯ ತನ್ನ ತಿಳಿವಳಿಕೆಯನ್ನು ನೆಚ್ಚಿ ಕೂರದೆ ದೇವರು ತೋರುವ ಹಾದಿಯನ್ನು ನಂಬಬೇಕು ಎನ್ನುವುದು ಅದರ ತಾತ್ಪರ್ಯ. ನಮ್ಮ ಬಳಗದಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಆದರೂ ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಎಂಬ ಗಾದೆ ಕೇಳುತ್ತ ಬೆಳೆದವರಿಗೆ ಈ ಭಾವ ಹೊಸದಲ್ಲ. ಗಾದೆ ಹೇಳುವುದು ಸುಲಭ. ಅದನ್ನೇ ನಂಬಿ ಹಡಗು ಹತ್ತುವುದು ಬೇರೆ.

1893ರಲ್ಲಿ ಟೊರಾಂಟೊದಲ್ಲಿ ರೋಲಂಡ್ ಬಿಂಗಮ್ ಎಂಬ ಯುವಕನಿದ್ದ. ಇಂಗ್ಲೆಂಡಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಕೆನಡಾಕ್ಕೆ ವಲಸೆ ಬಂದವನು, ಅಂದರೆ ನಮ್ಮ ಹಾಗೆಯೇ ಹೊರಗಿನವನು. ಊರಿನ ಶ್ರೀಮತಿ ಗೋವನ್ಸ್ ಎಂಬ ತಾಯಿ ಅವನಿಗೆ ತನ್ನ ಮಗ ವಾಲ್ಟರ್‌ನ ವಿಷಯ ಹೇಳಿದಳು. ವಾಲ್ಟರ್ ‘ಸೂಡಾನ್’ಗೆ ಹೋಗಲು ನಿಶ್ಚಯಿಸಿದ್ದ. ಸೂಡಾನ್ ಎಂದರೆ ಇಂದಿನ ಆ ಹೆಸರಿನ ದೇಶವಲ್ಲ. ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಆಫ್ರಿಕಾದ ಅಡ್ಡಕ್ಕೂ ಹಬ್ಬಿದ ನಾಡನ್ನೆಲ್ಲ ಆಗ ಹಾಗೆ ಕರೆಯುತ್ತಿದ್ದರು. ಅಲ್ಲಿಗೆ ಕಳಿಸಲು ಯಾವ ಮಿಷನ್ ಮಂಡಳಿಯೂ ಸಿದ್ಧವಿರಲಿಲ್ಲ. ಮಂಡಳಿಗಳ ಬುದ್ಧಿ ಬೇಡ ಎಂದಿತು, ಇವರ ನಂಬಿಕೆ ಹೊರಡು ಎಂದಿತು. ವಾಲ್ಟರ್, ಅವನ ಗೆಳೆಯ ಥಾಮಸ್ ಕೆಂಟ್ ಮತ್ತು ಬಿಂಗಮ್ ಮೂವರೂ 1893ರ ಡಿಸೆಂಬರಿನಲ್ಲಿ ಲಾಗೋಸಿನಲ್ಲಿ ಇಳಿದರು. ಮೂವರಲ್ಲಿ ಯಾರಿಗೂ ಮೂವತ್ತಾಗಿರಲಿಲ್ಲ. ಅಲ್ಲಿದ್ದ ಮೆಥಡಿಸ್ಟ್ ಮಿಷನ್ನಿನ ಹಿರಿಯರೊಬ್ಬರು, ನೀವು ಸೂಡಾನನ್ನು ನೋಡಲಾರಿರಿ, ನಿಮ್ಮ ಮಕ್ಕಳೂ ನೋಡಲಾರರು ಎಂಬಂತೆ ಎಚ್ಚರಿಸಿದರಂತೆ.

ಬಿಂಗಮ್ ಸಾಮಾನು ಸರಂಜಾಮು ಒದಗಿಸಲು ಕರಾವಳಿಯಲ್ಲೇ ಉಳಿದ. ಮಿಕ್ಕ ಇಬ್ಬರು ಒಳನಾಡಿಗೆ ನಡೆದರು. 1894 ಮುಗಿಯುವ ಮೊದಲೇ ಇಬ್ಬರೂ ಜ್ವರದಿಂದ ಬಸವಳಿದು ಸತ್ತರು. ಗೋವನ್ಸ್ ನವೆಂಬರಿನಲ್ಲಿ, ಕೆಂಟ್ ಡಿಸೆಂಬರಿನಲ್ಲಿ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಎಂಬುದು ಆಗ ಯಾರಿಗೂ ಖಚಿತವಿರಲಿಲ್ಲ. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಅದರ ಜೀವಾಣು ಕಂಡದ್ದು 1897ರ ಆಗಸ್ಟಿನಲ್ಲಿ. (ಅದಕ್ಕೆ ಎರಡು ವರ್ಷ ಮೊದಲು ಇದೇ ರಾಸ್ ಕಾಲರಾ ಹತೋಟಿಗೆಂದು ನಮ್ಮ ಬೆಂಗಳೂರಿಗೆ ಬಂದಿದ್ದ.) ಆದರೆ ಕ್ವಿನೈನ್ ಗೊತ್ತಿತ್ತು. 1854ರಲ್ಲೇ ಡಾಕ್ಟರ್ ಬೈಕಿ ಎಂಬಾತ ತನ್ನ ತಂಡಕ್ಕೆ ಕ್ವಿನೈನ್ ಕುಡಿಸುತ್ತ ನೈಜರ್ ನದಿಯ ಮೇಲೆ ಹೋಗಿ, ಒಬ್ಬನನ್ನೂ ಜ್ವರಕ್ಕೆ ಕಳೆದುಕೊಳ್ಳದೆ ಮರಳಿದ್ದ. ಇನ್ನೊಂದು ಕಡೆ, ಪ್ರಾರ್ಥನೆಯಿಂದಲೇ ಕಾಯಿಲೆ ವಾಸಿಯಾಗುತ್ತದೆ ಎಂಬ ಬೋಧನೆಗೆ ಆ ಕಾಲದಲ್ಲಿ ದೊಡ್ಡ ಬಲವಿತ್ತು. ಅದರ ಮುಖ್ಯ ಪ್ರಚಾರಕ ಎ.ಬಿ. ಸಿಂಪ್ಸನ್ ಕೆನಡಾದಲ್ಲೇ ಹುಟ್ಟಿ, ಟೊರಾಂಟೊದ ನಾಕ್ಸ್ ಕಾಲೇಜಿನಲ್ಲಿ ಓದಿದವನು. ದೇವರನ್ನು ನಂಬುವವನು ಔಷಧದ ಸೀಸೆಯನ್ನೂ ನಂಬಬಹುದೇ ಎಂಬುದು ಆಗ ಬರಿಯ ತರ್ಕದ ಪ್ರಶ್ನೆಯಾಗಿರಲಿಲ್ಲ.

ಬಿಂಗಮ್ ಟೊರಾಂಟೊಗೆ ಮರಳಿ ವಾಲ್ಟರ್‌ನ ಅಳಿದುಳಿದ ವಸ್ತುಗಳನ್ನು ಆ ತಾಯಿಗೆ ಒಪ್ಪಿಸಲು ಹೋದ. ಮಗ ಮನೆಯಲ್ಲಿದ್ದು ದೇವರ ಮಾತು ಮೀರುವುದಕ್ಕಿಂತ, ಅಲ್ಲಿ ಒಂಟಿಯಾಗಿ ಸತ್ತದ್ದೇ ತನಗೆ ಮೇಲು ಎಂಬರ್ಥದ ಮಾತನ್ನು ಆಕೆ ಆಡಿದಳೆಂದು ಬಿಂಗಮ್ ಬರೆದಿಟ್ಟಿದ್ದಾನೆ. ಈ ಮಾತು ನಮ್ಮಲ್ಲಿ ಕೆಲವರಿಗೆ ಭಕ್ತಿಯ ಶಿಖರವಾಗಿ ಕಾಣಬಹುದು, ಕೆಲವರಿಗೆ ಕಲ್ಲೆದೆಯಾಗಿ. ಮಕ್ಕಳನ್ನು ದೂರ ಕಳಿಸಿ ಊರಿನಲ್ಲಿ ಫೋನಿಗಾಗಿ ಕಾಯುವ ತಾಯಂದಿರನ್ನು ಬಲ್ಲ ನಮಗೆ ಅದು ಕಲ್ಲೆದೆಯ ಮಾತೆನಿಸುವುದಿಲ್ಲ. ಸುದ್ದಿ ತಂದ ಹುಡುಗನ ಎದುರು ಆಕೆಗೆ ಹೇಳಲು ಬೇರೆ ಯಾವ ಮಾತು ಉಳಿದಿತ್ತು?

ಆಮೇಲಿನ ಬಿಂಗಮ್ ಬೇರೆ ಮನುಷ್ಯ. ಮೊದಲು ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ ಸ್ವಲ್ಪ ವೈದ್ಯ ಕಲಿತ. 1898ರಲ್ಲಿ ಟೊರಾಂಟೊದಲ್ಲೇ ಒಂದು ಸಮಿತಿ ಕಟ್ಟಿದ. ಮುಂದೆ ಅದು ಸೂಡಾನ್ ಇಂಟೀರಿಯರ್ ಮಿಷನ್ ಎಂದು ಹೆಸರಾಯಿತು. 1900ರಲ್ಲಿ ಮತ್ತೆ ಹೊರಟು ಲಾಗೋಸಿನಲ್ಲೇ ಜ್ವರ ಹಿಡಿದು ವಾಪಸಾದ. ಮೂರನೆಯ ಸಲ ಕಳಿಸಿದ ತಂಡ 1902ರಲ್ಲಿ ನೈಜರ್ ದಂಡೆಯ ಪಟೇಗಿಯಲ್ಲಿ ನೆಲೆ ಹೂಡಿತು. 1921ರಲ್ಲಿ ಅವನು ಬೈಬಲು ಮತ್ತು ದೇಹದ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ನಂಬಿಕೆಯಿದ್ದರೆ ಗುಣವಾಗಲೇಬೇಕು ಎಂಬ ವಾದವನ್ನು ಅದರಲ್ಲಿ ಒಪ್ಪಲಿಲ್ಲ. ದೇವರ ಮೇಲಿನ ಭರವಸೆಯನ್ನಂತೂ ಬಿಡಲಿಲ್ಲ. 1942ರಲ್ಲಿ ತೀರಿಕೊಳ್ಳುವವರೆಗೂ ಆ ಮಿಷನ್ನನ್ನು ನಡೆಸಿದ.

ಇದನ್ನೆಲ್ಲ ಓದುವಾಗ ನಮಗೆ ಮಂಗಳೂರು ನೆನಪಾಗದೆ ಇರದು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರೂ ದೇವರೇ ಕಳಿಸಿದ್ದಾನೆ ಎಂದು ನಂಬಿಯೇ ಬಂದವರು. ಆದರೆ ಅವರ ಹಿಂದೆ ಸ್ವಿಟ್ಜರ್ಲೆಂಡಿನ ಒಂದು ಬಲವಾದ ಕಮಿಟಿಯಿತ್ತು. ಮದುವೆಗೂ ಅದರ ಅಪ್ಪಣೆ ಬೇಕು. ದೇವರ ಚಿತ್ತವನ್ನು ಕಮಿಟಿ ಅರಿಯುತ್ತದೆ, ಸೇವಕ ವಿಧೇಯನಾಗಿದ್ದರೆ ಸಾಕು ಎಂಬ ಲೆಕ್ಕ. ನೇಯ್ಗೆ, ಹಂಚಿನ ಕಾರ್ಖಾನೆ, ಅಚ್ಚುಕೂಟ ಎಲ್ಲ ಆ ಶಿಸ್ತಿನ ಫಲ. ಹಾಗೆಂದು ಸಾವು ಅವರನ್ನೂ ಬಿಡಲಿಲ್ಲ. ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ದುಡಿದ ವೈಗ್ಲೆ 1855ರಲ್ಲಿ ತೀರಿಕೊಂಡ. ಕಿಟ್ಟೆಲ್ ತನ್ನ ಮೊದಲ ಹೆಂಡತಿಯನ್ನು 1864ರಲ್ಲಿ ಕಳೆದುಕೊಂಡ. ಎಪ್ಪತ್ತು ಸಾವಿರದಷ್ಟು ಪದಗಳ ಅವನ ನಿಘಂಟು ಮಂಗಳೂರಿನಲ್ಲಿ ಹೊರಬಂದದ್ದು 1894ರಲ್ಲಿ, ಗೋವನ್ಸ್ ಮತ್ತು ಕೆಂಟ್ ಸತ್ತ ವರ್ಷವೇ.

ಪಟೇಗಿಗೆ ಹೋದವರಲ್ಲೂ ಒಬ್ಬ ಕಿಟ್ಟೆಲ್ ಇದ್ದ ಎನ್ನಬಹುದು. ಎ.ಡಬ್ಲ್ಯು. ಬ್ಯಾನ್‌ಫೀಲ್ಡ್ ಅವನ ಹೆಸರು. ಆ ತಂಡದ ನಾಲ್ವರಲ್ಲಿ ಎರಡು ವರ್ಷಗಳ ನಂತರವೂ ಉಳಿದವನು ಅವನೊಬ್ಬನೇ. ಆ ಸೀಮೆಯ ನೂಪೆ ಭಾಷೆಯನ್ನು ಕಲಿತ, ಶೋಂಗಾ ಎಂಬ ಊರಿನಲ್ಲಿ ಅಚ್ಚುಕೂಟ ಹಾಕಿದ. ನೂಪೆ ಭಾಷೆಯ ನಿಘಂಟನ್ನು 1914 ಮತ್ತು 1916ರಲ್ಲಿ ಎರಡು ಸಂಪುಟಗಳಾಗಿ ಅಲ್ಲೇ ಅಚ್ಚು ಹಾಕಿಸಿದ.